ಐದು ಸೇರಿನ ಕಲ್ಲನ್ನು ತೂಗಿಸಿದ ಮೈಲಮ್ಮ

ಉಟ್ಕೂರಿನ ಕುರುಬರ ಓಣಿಯಲ್ಲಿ ಮೈಲಮ್ಮನಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರಿರಲಿಲ್ಲ. ಕರಿ ಕುರಿಯ ಹಾಲು ಯಾಕೆ ಬೆಳ್ಳಗಿರುತ್ತದೆ, ನೆನೆದ ಉಣ್ಣೆ ಯಾಕೆ ನಾರುತ್ತದೆ ಎಂದು ತಲೆ ತಿನ್ನುವಳು. ಉತ್ತರ ಸಿಗುವವರೆಗೆ ಅವಳಿಗೆ ಅನ್ನ ರುಚಿಸುತ್ತಿರಲಿಲ್ಲ. ಧನ್ವಾಡದಿಂದ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು. ಗಂಡ ವರ್ಷದ ಮುಕ್ಕಾಲು ಪಾಲು ಕುರಿ ಹಿಂದೆಯೇ ತಿರುಗುತ್ತಿದ್ದ. ಅತ್ತೆ ಪೆಂಟಮ್ಮನಿಗೆ ಸೊಂಟನೋವು. ಹಾಗಾಗಿ ಉಣ್ಣೆ ತೊಳೆದು, ಬಿಡಿಸಿ, ಮಾರುವ ಕೆಲಸವೆಲ್ಲ ಮೈಲಮ್ಮನ ತಲೆಗೆ ಬಿತ್ತು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಪೆಂಟಮ್ಮನ ಕಾಲದಲ್ಲಿ ಐವತ್ತು ಕುರಿಯ ಉಣ್ಣೆ ಐದು ಸೇರಿನ ಕಲ್ಲಿನಲ್ಲಿ ಐದು ಕಲ್ಲು ತೂಗುತ್ತಿತ್ತು. ಮೈಲಮ್ಮನ ಕೈಗೆ ಬಂದ ಮೇಲೆ ವರ್ಷಕ್ಕಿಷ್ಟು ಇಳಿಯುತ್ತಾ ಬಂದು, ಹದಿಮೂರನೇ ವರ್ಷಕ್ಕೆ ನಾಲ್ಕೂವರೆ ಕಲ್ಲಿಗೆ ನಿಂತಿತು. ಕುರಿ ಅಷ್ಟೇ, ಕತ್ತರಿ ಅದೇ. ಉಳಿದದ್ದು ಎಲ್ಲಿ ಹೋಯಿತು?

"ತವರಿಗೆ ಹೊಂಟೈತಿ, ಮತ್ತೆಲ್ಲಿಗೆ?" ಎಂದು ಪೆಂಟಮ್ಮ ಬಾವಿಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಅಂದಳು. "ಕಳ್ಳಿನ್ನ ಸಾಕೀನಿ. ಈ ಸಲಾನೂ ಕಡಿಮಿ ಬಂತಂದ್ರ ಧನ್ವಾಡದ ದಾರಿ ಹಿಡಿಯವ್ವ."

ಉಣ್ಣೆ ತೂಗುತ್ತಿದ್ದುದು ಬೀರಪ್ಪನ ಗುಡಿಯ ಮುಂದೆ. ಕೊಳ್ಳುವವನು ನಾರಾಯಣಪೇಟೆಯ ವ್ಯಾಪಾರಿ ಕರಿಬಸಯ್ಯ, ತೂಕ ಮಾತ್ರ ದೇವರದು: ಗುಡಿಯಲ್ಲಿಟ್ಟಿದ್ದ ಐದು ಸೇರಿನ ಕಲ್ಲು. ಮೈಲಮ್ಮ ಸೊಸೆಯಾಗಿ ಬಂದ ವರ್ಷ ಕುರಿಗಳಿಗೆ ಬೇನೆ ಬಿದ್ದಾಗ ಓಣಿಯವರು ಹರಕೆ ಹೊತ್ತಿದ್ದರು. ಅಂದಿನಿಂದ ಆ ಕಲ್ಲಿಗೆ ಎಣ್ಣೆಯಲ್ಲಿ ಕಲಸಿದ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚದೆ ಯಾರೂ ಉಣ್ಣೆ ಮಾರುತ್ತಿರಲಿಲ್ಲ. ಮನುಷ್ಯ ಮೋಸ ಮಾಡಿಯಾನು, ಬೀರಪ್ಪ ಮಾಡುವನೇ?

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿತ್ತು. ಒಂದು ದಿನ ಮೈಲಮ್ಮ ಮಕ್ತಲದ ಅಂಗಡಿಯಲ್ಲಿ ಜೋಳ ಕೊಳ್ಳುವಾಗ ಕಬ್ಬಿಣದ ತೂಕದ ಮೇಲೆ ಮುದ್ರೆ ಕಂಡಳು. ಕಂಡು ಸುಮ್ಮನಿರುವ ಜೀವವೇ ಅದು?

"ಇದೇನ್ರೀ ಅಚ್ಚು?"

"ಸರಕಾರದ್ದವ್ವ," ಅಂಗಡಿಯವನು ಗೊಣಗಿದ. "ತೂಕದ ಇನ್ಸ್‌ಪೆಕ್ಟರ್ ಬಂದು ಮುಸಾಫಿರ್‌ಖಾನ್ಯಾಗ ಇಳಿದಾನ, ಪರೀಕ್ಷಾ ಮಾಡ್ತಾನ. ಸವೆದು ಹಗುರಾಗಿದ್ರ ಜಪ್ತಿ."

ಊರಿನ ದಾರಿ ಹಿಡಿದ ಮೈಲಮ್ಮನ ತಲೆಯಲ್ಲಿ ಒಂದೇ ಹುಳ. ತೂಕ ಸವೆದು ಹಗುರವಾಗುವುದಾದರೆ, ಬೆಳೆದು ಭಾರವಾಗಬಾರದೇ? ಮನೆ ಮುಟ್ಟಲಿಲ್ಲ, ಅರ್ಧ ದಾರಿಯಿಂದಲೇ ತಿರುಗಿ ಇನ್ಸ್‌ಪೆಕ್ಟರ್ ಇಳಿದಿದ್ದ ಮುಸಾಫಿರ್‌ಖಾನೆಗೆ ಹೋದಳು.

ಇನ್ಸ್‌ಪೆಕ್ಟರ್ ಅನಂತರಾವ್ ರಾಯಚೂರು ಕಡೆಯ ಪೂಜಾರಿ ಮನೆತನದವರು. ಗುಡಿಯ ಕಲ್ಲನ್ನು ತೂಗಿ ನೋಡಿರೆಂದು ಅವಳು ಅಂದದ್ದು ಕೇಳಿ ಬೆವರಿದರು. "ದೇವರನ್ನ ತೂಗಂತ ನನ್ನ ಕಾಯ್ದೇದಾಗ ಎಲ್ಲೂ ಬರದಿಲ್ಲವ್ವ."

"ದೇವರು ಗುಡ್ಯಾಗ ಇರಲ್ರೀ ಸಾಹೇಬ್ರ. ತಕ್ಕಡ್ಯಾಗ ಬಂದು ಕುಂತದ್ದನ್ನ ತೂಗ್ರಿ."

ಅನಂತರಾಯರು ಮಾರಾಟದ ದಿನ ತಮ್ಮ ತೂಕದ ಪೆಟ್ಟಿಗೆ ಹೊರಿಸಿಕೊಂಡು ಬಂದರು, ಚಪ್ಪಲಿ ಬಿಟ್ಟರು, ಕಲ್ಲಿಗೆ ಕೈಮುಗಿದರು, ತಕ್ಕಡಿಯಲ್ಲಿಟ್ಟರು. ಎದುರಿಗೆ ಐದು ಸೇರಿನ ಕಬ್ಬಿಣ ಇಟ್ಟರೆ ಕಲ್ಲು ಏಳಲೇ ಇಲ್ಲ. ಇನ್ನೂ ಅರ್ಧ ಸೇರು ಇಟ್ಟ ಮೇಲೆ ತಕ್ಕಡಿಯ ದಂಡಿಗೆ ಸಮ ನಿಂತಿತು. ಹದಿಮೂರು ವರ್ಷದ ಭಂಡಾರ ಪದರುಪದರಾಗಿ ಗಟ್ಟಿಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಣಿಯ ಪ್ರತಿ ಮನೆಯಲ್ಲೂ ಉಣ್ಣೆ ಕಡಿಮೆ ಬರುತ್ತಿತ್ತು. ಮರ್ಯಾದೆಗೆ ಅಂಜಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಪ್ರತಿ ಮನೆಯೂ ತನ್ನದೇ ಒಬ್ಬ ಕಳ್ಳನನ್ನು ಗೊತ್ತುಮಾಡಿಕೊಂಡಿತ್ತು. ಕರಿಬಸಯ್ಯ ತನಗೇನೂ ತಿಳಿಯದೆಂದು ಕೆನ್ನೆ ಬಡಿದುಕೊಂಡ. ಇಲ್ಲಿ ಕೊಂಡದ್ದನ್ನು ನಾರಾಯಣಪೇಟೆಯಲ್ಲಿ ಕಬ್ಬಿಣದ ತೂಕಕ್ಕೆ ಮಾರುವವನಿಗೆ ತಿಳಿಯದಂತೆ! ನಷ್ಟವಾಗಿದ್ದರೆ ಮೊದಲ ವರ್ಷವೇ ತಿಳಿಯುತ್ತಿತ್ತು. ಅನಂತರಾಯರು ಅವನಿಗೆ ನೋಟೀಸು ಬರೆದು, ಕಲ್ಲನ್ನು ಗುಡಿಯೊಳಗೆ ಕಳಿಸಿ, ಮುದ್ರೆಯ ತೂಕವನ್ನು ಕಟ್ಟೆಯ ಮೇಲಿಟ್ಟರು.

ಮೈಲಮ್ಮನ ಉಣ್ಣೆ ಸರಿಯಾಗಿ ಇಪ್ಪತ್ತೈದು ಸೇರು ತೂಗಿತು. ಅವಳಿಗೆ ಸಂತೋಷವಾಗಬೇಕಿತ್ತು, ಅಳು ಬಂತು.

ಸೊಸೆಯ ಕಳ್ಳತನ ಕಣ್ಣಾರೆ ನೋಡೋಣವೆಂದು ಕೋಲೂರಿಕೊಂಡು ಬಂದಿದ್ದ ಪೆಂಟಮ್ಮ ಮೆಲ್ಲಗೆ ಹತ್ತಿರ ಸರಿದಳು.

"ಎಲ್ಲಾರಕಿಂತ ಹೆಚ್ಚು ಭಂಡಾರ ಹಚ್ಚಿದಾಕಿ ನಾನೇ, ಮೈಲಿ," ಎಂದು ಪಿಸುಗುಟ್ಟಿದಳು. "ವರ್ಷಾ ಎರಡು ಹಿಡಿ. ನನ್ನ ಮನ್ಯಾಗಿನ ಕಳ್ಳಿ ಸಿಗಲಿ ಅಂತ ಹರಕಿ ಹೊತ್ತಿದ್ನಿ."

ಮೈಲಮ್ಮನ ಅಳು ನಿಂತಿತು. ಅವಳಿಗೆ ಹದಿಮೂರು ವರ್ಷದ ಸಿಟ್ಟು ಒಮ್ಮೆಲೇ ಬಂತು.

"ಇಷ್ಟು ಮೆಲ್ಲಕ ಅಂದ್ರ ಯಾರಿಗೆ ಕೇಳಸ್ತೈತ್ರೀ, ಅತ್ತಿ? ಕಳ್ಳಿ ಅಂದಾಗ ಊರಿಗೆಲ್ಲ ಕೇಳಿಸಿತ್ತು."

ಪೆಂಟಮ್ಮ ಸೊಸೆಯ ಮುಖ ನೋಡಿದಳು, ನೆರೆದ ಜನರನ್ನು ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಗುಡಿಯ ಕಟ್ಟೆ ಹತ್ತತೊಡಗಿದಳು.