ಹಿಂದಕ್ಕೆ ಮುಖ ಮಾಡಿ ಕೂರುತ್ತಿದ್ದ ಅಪ್ಪ

ನಾನು ನಿಮ್ಮಷ್ಟು ಎತ್ತರ ಇದ್ದಾಗ, ಅಂದರೆ ಬೆಲ್ಲದ ಡಬ್ಬಿಗೆ ಕೈ ಹಾಕಬೇಕಾದರೆ ಸ್ಟೂಲು ಹತ್ತಬೇಕಾಗಿದ್ದ ಕಾಲದಲ್ಲಿ, ನಾವು ಗ್ರೀನ್‌ಫರ್ಡ್‌ನಲ್ಲಿದ್ದೆವು. ಅಪ್ಪ, ಅಮ್ಮ, ಅಕ್ಕ ಮತ್ತು ನಾನು, ಅಷ್ಟೇ. ಮೇಲಿನ ಮಹಡಿಯಲ್ಲಿ ನಮಗೆ ಬಾಡಿಗೆಯ ಎರಡು ಕೋಣೆ, ಕೆಳಗೆ ಮನೆಯೊಡತಿ. ಮೈಸೂರು ಬಿಟ್ಟು ಈ ಇಂಗ್ಲಿಷರ ದೇಶಕ್ಕೆ ಬಂದು ಎರಡು ಚಳಿಗಾಲ ಕಳೆದಿತ್ತು. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ರೇಡಿಯೊ ಜೋಡಿಸುತ್ತಿದ್ದರು. ಅಮ್ಮ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕನಿಗೆ ಹನ್ನೆರಡು, ನನಗೆ ಎಂಟು.

ನಮ್ಮ ಅಪ್ಪ ಸ್ವಲ್ಪ ವಿಚಿತ್ರದ ಮನುಷ್ಯರು ಎಂದು ನಾವಿಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದೆವು. ರೈಲು ಹತ್ತಿದರೆ ಎಲ್ಲರೂ ಮುಂದಕ್ಕೆ ಮುಖ ಇರುವ ಸೀಟು ಹುಡುಕುತ್ತಾರೆ ತಾನೆ? ಅಪ್ಪ ಹಿಂದಕ್ಕೆ ಮುಖ ಇರುವ ಸೀಟನ್ನೇ ಹುಡುಕಿ ಕೂರುತ್ತಿದ್ದರು. ಬಿಟ್ಟು ಬಂದ ಸ್ಟೇಷನ್ ಚಿಕ್ಕದಾಗುತ್ತ ಆಗುತ್ತ ಕಾಣದಾಗುವವರೆಗೂ ಅದನ್ನೇ ನೋಡುತ್ತಿದ್ದರು. ಅಕ್ಕನಿಗೆ ಇದರಿಂದ ಭಾರೀ ನಾಚಿಕೆ. ತನಗೂ ಅಪ್ಪನಿಗೂ ಸಂಬಂಧವೇ ಇಲ್ಲ ಎಂಬಂತೆ ದೂರ ಹೋಗಿ ಕೂರುತ್ತಿದ್ದಳು.

ಇನ್ನೊಂದು ತಮಾಷೆ ಏನೆಂದರೆ, ಅಪ್ಪ ಯಾವತ್ತೂ ಎಡ ಬಲ ಎನ್ನುತ್ತಿರಲಿಲ್ಲ. ದಾರಿ ಕೇಳಿದರೆ, 'ಅಂಚೆ ಕಚೇರಿ ಕಡೆಗೆ ತಿರುಗಬೇಕು' ಎನ್ನುವರು. ಚಮಚ ಎಲ್ಲಿದೆ ಎಂದರೆ, 'ಕಿಟಕಿ ಕಡೆ ಡ್ರಾಯರ್' ಎನ್ನುವರು. ಅಪ್ಪನಿಗೆ ಎಡ ಬಲ ಬರುವುದಿಲ್ಲ, ಮೈಸೂರಲ್ಲಿ ಒಂದನೇ ಕ್ಲಾಸೂ ಪಾಸಾಗಿಲ್ಲ ಎಂದು ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರೂ ನಕ್ಕು ಸುಮ್ಮನಾಗುತ್ತಿದ್ದರು.

ಅಪ್ಪನಿಗೆ ಒಂದು ಕಿವಿ ಸ್ವಲ್ಪವೂ ಕೇಳುತ್ತಿರಲಿಲ್ಲ. ಯುದ್ಧದಲ್ಲಿ ಹೋಯಿತು ಎಂದು ಅಮ್ಮ ಹೇಳಿದ್ದಳು. ಹಳೆಯ ಟ್ರಂಕಿನ ತಳದಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಬಟ್ಟೆಯಲ್ಲಿ ಹೊಲಿದ ಒಂದು ಬಿಲ್ಲೆ ಇತ್ತು. ಅದರಲ್ಲಿ ಒಂದೇ ಒಂದು ರೆಕ್ಕೆ. ಇನ್ನೊಂದು ರೆಕ್ಕೆ ಎಲ್ಲಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಎರಡು ರೆಕ್ಕೆ ಕೊಡುವುದು ವಿಮಾನ ನಡೆಸುವವನಿಗೆ, ಹಿಂದೆ ಕೂರುವವನಿಗೆ ಒಂದೇ ಸಾಕು ಎಂದಿದ್ದರು ಅಪ್ಪ. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ನಮಗೂ ಕೇಳುವ ಪುರುಸೊತ್ತಿರಲಿಲ್ಲ.

ಆ ಡಿಸೆಂಬರ್‌ನಲ್ಲಿ ಒಂದು ದಿನ ಮಂಜು ಬಿತ್ತು. ನೀವು ನೋಡುವ ಮಂಜಲ್ಲ ಮಕ್ಕಳೇ, ಇದು ಬೆಳ್ಳಗೆ ಚೆಂದಾಗಿ ಇರುತ್ತದೆ. ಅದು ಹಳದಿ. ಮನೆಮನೆಯಲ್ಲೂ ಕಲ್ಲಿದ್ದಲು ಉರಿಸುತ್ತಿದ್ದ ಕಾಲ, ಆ ಹೊಗೆಯೆಲ್ಲ ಮಂಜಿನಲ್ಲಿ ಸೇರಿಕೊಂಡು ಬೀದಿಗಿಳಿಯುತ್ತಿತ್ತು. ನಾಲಿಗೆಯ ಮೇಲೆ ತುಕ್ಕು ಹಿಡಿದ ಮೊಳೆ ಇಟ್ಟಂಥ ರುಚಿ. ಮೂಗು ಒರೆಸಿದರೆ ಕರ್ಚೀಫು ಕಪ್ಪು. ಕೈ ಮುಂದೆ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಟಾರ್ಚು ಹಿಡಿದು ಬಸ್ಸಿನ ಮುಂದೆ ನಡೆದುಕೊಂಡು ಹೋಗುತ್ತಿದ್ದ, ಬಸ್ಸು ಅವನ ಹಿಂದೆ ಮೆಲ್ಲಗೆ ಬರುತ್ತಿತ್ತು.

ನನ್ನ ಶಾಲೆ ಮಧ್ಯಾಹ್ನವೇ ಬಿಟ್ಟರು. ಕಾರ್ಖಾನೆಯಲ್ಲೂ ಬೇಗ ಕಳಿಸಿದ್ದರಿಂದ ಅಪ್ಪನೇ ಬಂದು ಕರೆದುಕೊಂಡು ಹೋದರು. ಅಕ್ಕನ ಶಾಲೆ ದೊಡ್ಡವರದು, ಅಲ್ಲಿ ಕ್ರಿಸ್ಮಸ್ ಹಾಡಿನ ತಾಲೀಮು. ಆ ಶಾಲೆಯಿಂದ ಮನೆಗೆ ದೊಡ್ಡ ರಸ್ತೆಯಲ್ಲಿ ಬಂದರೆ ಮುಕ್ಕಾಲು ಗಂಟೆ, ಕಾಲುವೆಯ ದಂಡೆಯಲ್ಲಿ ಬಂದರೆ ಇಪ್ಪತ್ತು ನಿಮಿಷ. ಮಂಜಿದ್ದಾಗ ಕಾಲುವೆ ಕಡೆ ತಲೆ ಹಾಕಬಾರದು ಎಂದು ಅಪ್ಪ ನೂರು ಸಲ ಹೇಳಿದ್ದರು. ಆದರೆ ಹೇಳಿದ ಮಾತು ಕೇಳಿದರೆ ಅವಳು ನಮ್ಮ ಅಕ್ಕ ಹೇಗಾದಾಳು?

ನಾಲ್ಕು ಗಂಟೆ ಆಯಿತು, ಅಕ್ಕ ಬರಲಿಲ್ಲ. ಅಮ್ಮ ಇನ್ನೂ ಆಸ್ಪತ್ರೆಯ ಕೆಲಸದಲ್ಲೇ ಇದ್ದಳು. ಪಕ್ಕದ ಮನೆಯ ಹುಡುಗಿ, ಅಕ್ಕನ ಕ್ಲಾಸಿನವಳು, ಬಾಗಿಲು ತಟ್ಟಿ ಅವಳು ಬಂದಳೇ ಎಂದು ಕೇಳಿದಳು. ತಾನು ರಸ್ತೆಯಲ್ಲಿ ಬಂದೆ, ಅವಳು ಕಾಲುವೆ ದಾರಿ ಹಿಡಿದಳು, ಆಗಲೇ ಒಂದು ಗಂಟೆ ಆಯಿತು ಎಂದಳು. ಅಕ್ಕನಿಗೆ ಈಜು ಬರುತ್ತಿರಲಿಲ್ಲ.

ಅಪ್ಪ ಓಡಲಿಲ್ಲ, ಕೂಗಾಡಲಿಲ್ಲ. ಟಾರ್ಚು ಜೇಬಿಗೆ ಹಾಕಿಕೊಂಡರು. ಆಮೇಲೆ ದೇವರ ಗೂಡಿನ ಹತ್ತಿರ ಹೋಗಿ ಜಾಗಟೆ ಮತ್ತು ಅದರ ಕೊಡತಿ ತೆಗೆದುಕೊಂಡರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಆ ಜಾಗಟೆಯನ್ನು ಅಜ್ಜಿ ಮೈಸೂರಿನಿಂದ ಕೊಟ್ಟು ಕಳಿಸಿದ್ದರು. ಮನೆಯೊಡತಿ ರೇಗುತ್ತಾಳೆಂದು ಅಮ್ಮ ಕೊಡತಿಗೆ ಹಳೇ ಕಾಲುಚೀಲ ಸುತ್ತಿ, ಮಂಗಳಾರತಿ ಹೊತ್ತಿಗೆ ಮೆತ್ತಗೆ ಡುಬ್ ಡುಬ್ ಎನಿಸುತ್ತಿದ್ದಳು. ಅಪ್ಪ ಆ ಕಾಲುಚೀಲ ಕಿತ್ತು ಬಿಸಾಕಿದರು.

ದಾರಿಯಲ್ಲಿ ನನ್ನ ಕೈ ಹಿಡಿದು ಹೇಳಿದರು. "ನಂಗೆ ಒಂದೇ ಕಿವಿ ಪುಟ್ಟಿ. ಒಂದು ಕಿವೀಲಿ ಸದ್ದು ಕೇಳತ್ತೆ, ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ. ಇವತ್ತು ನಿನ್ನ ಕಿವಿ ನಂಗೆ ಕೊಡು."

ಕಾಲುವೆಯ ಸೇತುವೆ ಮೇಲೆ ನಿಂತು ಅಪ್ಪ ಜಾಗಟೆ ಎತ್ತಿ ಬಾರಿಸಿದರು. ಅಬ್ಬಾ, ಆ ಸದ್ದು! ಎರಡು ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ಜಾಗಟೆ ಆ ಹಳದಿ ಮಂಜಿನಲ್ಲಿ ಢಣ್ ಢಣ್ ಢಣ್ ಎಂದು ಮೂರು ಸಲ ಮೊಳಗಿತು. ನನ್ನ ಹಲ್ಲಿನ ಬುಡದವರೆಗೆ ನಡುಗಿತು. ಮೂರು ಏಟು ಹಾಕಿ, ಅಂಗೈಯಿಂದ ಅದರ ಸದ್ದನ್ನು ಅದುಮಿ, ಹತ್ತರವರೆಗೆ ಎಣಿಸಿ, ಮತ್ತೆ ಮೂರು ಏಟು. ಮಂಜಿನಲ್ಲಿ ಕಣ್ಣಿಟ್ಟು ಹುಡುಕಬಾರದು, ಸದ್ದು ಕಳಿಸಿ ಉತ್ತರಕ್ಕೆ ಕಾಯಬೇಕು, ಯುದ್ಧದಲ್ಲಿ ನಾವು ರೇಡಾರ್‌ನಲ್ಲಿ ರೇಡಿಯೊ ಅಲೆ ಕಳಿಸಿ ಹೀಗೇ ಕಾಯುತ್ತಿದ್ದುದು ಎಂದರು. ಗ್ರೀನ್‌ಫರ್ಡ್‌ನಲ್ಲಿ ಆ ಸದ್ದು ಬರುವ ಮನೆ ಒಂದೇ ಎಂದು ಅಕ್ಕನಿಗೆ ಗೊತ್ತಿತ್ತಲ್ಲ.

ನಾಲ್ಕನೆಯ ಸಲ ಸದ್ದು ಅದುಮಿದಾಗ ನನಗೆ ಕೇಳಿಸಿತು. ತೆಳ್ಳಗೆ, ಅಳು ಬೆರೆತ ದನಿಯಲ್ಲಿ, 'ಅಪ್ಪಾ'. ಕಾರ್ಖಾನೆ ಗೋಡೆ ಇರುವ ಕಡೆಯಿಂದ ಎಂದು ನಾನು ಕೈ ತೋರಿಸಿದೆ. ಅಪ್ಪ ಒಂದು ಮಾತೂ ಮರುಪ್ರಶ್ನೆ ಮಾಡಲಿಲ್ಲ, ಎಂಟು ವರ್ಷದ ನನ್ನ ಮಾತು ನಂಬಿ ಆ ಕಡೆಯ ಮೆಟ್ಟಿಲಿಳಿದರು.

ಕೆಳಗೆ ದಂಡೆ ಬಲು ಕಿರಿದು. ಒಂದು ಕಡೆ ಮುಳ್ಳುಬೇಲಿ, ಇನ್ನೊಂದು ಕಡೆ ನೀರು. ನೀರು ಕಾಣುತ್ತಿರಲಿಲ್ಲ, ಅದರ ಕೊಳೆತ ಎಲೆಯ ವಾಸನೆ ಮಾತ್ರ ಬರುತ್ತಿತ್ತು. ಅಕ್ಕ ನಮ್ಮ ಎದುರಿಗೇ ಎಲ್ಲೋ ನಿಂತಿದ್ದಳು. ಕಾಲು ಜಾರಿ ಒಂದು ಶೂ ನೀರಿಗೆ ಹೋಗಿದೆ, ಗಾಬರಿಯಲ್ಲಿ ಸುತ್ತ ತಿರುಗಿಬಿಟ್ಟೆ, ಈಗ ಯಾವ ಕಡೆ ನೀರು ಗೊತ್ತಾಗುತ್ತಿಲ್ಲ, ಹೆಜ್ಜೆ ಎತ್ತಲು ಭಯ ಎಂದು ಅಳುತ್ತ ಕೂಗಿದಳು. ಅಪ್ಪ ಅವಳಿಗೆ, ನಮ್ಮ ಸದ್ದು ಬರುವ ಕಡೆಗೆ ಮುಖ ಮಾಡು ಎಂದರು. ಮಾಡಿದ್ದೇನೆ ಎಂದಳು.

ಬೇಲಿ ನನ್ನ ಎಡಗೈಗೆ ತಾಗುತ್ತಿತ್ತು. ನನಗೋ, ನಾನೇ ಅಕ್ಕನನ್ನು ಕಾಪಾಡಬೇಕೆಂಬ ಆತುರ. "ಅಕ್ಕಾ, ಎಡಕ್ಕೆ ಸರ್ಕೋ! ಬೇಲಿ ಎಡಗಡೆ ಇದೆ!" ಎಂದು ಕೂಗಿಯೇಬಿಟ್ಟೆ.

ಅಪ್ಪನ ಕೈ ನನ್ನ ಬಾಯಿ ಮೇಲೆ ಬಿತ್ತು. ಮಂಜಿನ ಆಚೆ ಕಲ್ಲುಚೂರುಗಳು ಸರಿದ ಸದ್ದು, ಅವು ನೀರಿಗೆ ಬಿದ್ದ ಸದ್ದು.

"ನಿಲ್ಲು. ಅಲ್ಲೇ ಕೂತ್ಕೊಂಡ್ಬಿಡು," ಎಂದರು ಅಪ್ಪ. ಅಂಥ ದನಿ ನಾನು ಅವರ ಬಾಯಲ್ಲಿ ಅದುವರೆಗೂ ಕೇಳಿರಲಿಲ್ಲ. ಜೋರಾಗಿರಲಿಲ್ಲ, ಆದರೆ ಅದನ್ನು ಮೀರುವುದು ಯಾರಿಂದಲೂ ಆಗುತ್ತಿರಲಿಲ್ಲ. "ಕೂತಲ್ಲಿಂದ ಎರಡು ಕೈನೂ ಚಾಚು. ಬರೆಯೋ ಕೈಗೆ ಏನು ಸಿಕ್ತು?"

ಬರೆಯುವ ಕೈಗೆ ಹುಲ್ಲು ಎಂದಳು ಅಕ್ಕ. ಇನ್ನೊಂದು ಕೈಗೆ ನೀರು. ಒಂದು ಗೇಣು ಕೂಡ ದೂರ ಇಲ್ಲ, ಎಂದಳು.

ನನಗೆ ಆಗ ಹೊಳೆಯಿತು. ಅವಳು ನಮಗೆ ಎದುರಾಗಿದ್ದಳು. ನನ್ನ ಎಡಕ್ಕೆ ಬೇಲಿ ಇದ್ದರೆ, ಅವಳ ಎಡಕ್ಕೆ ಇದ್ದುದು ಕಾಲುವೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಅಕ್ಕ ನನ್ನ ಮಾತು ಕೇಳಿಯೇ ನೀರಿಗೆ ಹೋಗುತ್ತಿದ್ದಳು. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಹೇಳಿದ ಹಾಗೆ ಕೇಳಿದ್ದಳು, ನೋಡಿ.

ಹುಲ್ಲಿನ ಕಡೆಗೆ ವಾಲಿಕೊಂಡು ಕೂತಿರು, ಏಳಬೇಡ, ನಾವೇ ಬರುತ್ತೇವೆ ಎಂದು ಅಪ್ಪ ಅವಳಿಗೆ ಹೇಳಿದರು. ಟಾರ್ಚು ಹೊತ್ತಿಸಿ ಮೆಟ್ಟಿಲ ಮೇಲಿಟ್ಟರು. ಒಂದು ಕೈ ಬೇಲಿಯ ಮೇಲೆ. ನನಗೆ ಅವರ ಕೋಟಿನ ಹಿಂಬದಿ ಹಿಡಿದುಕೊಂಡು, ಹಿಂದಕ್ಕೆ ಮುಖ ಮಾಡಿ ನಡೆಯಲು ಹೇಳಿದರು. ಟಾರ್ಚಿನ ಬೆಳಕು ಕಾಣದಾದ ಕೂಡಲೇ ಹೇಳಬೇಕು, ವಾಪಸು ಬರುವ ದಾರಿ ನಿನ್ನ ಜವಾಬ್ದಾರಿ ಎಂದರು. ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಆ ಬೆಳಕನ್ನು ನುಂಗುವಂತೆ ನೋಡಿದೆ. ಅದು ಕಿತ್ತಳೆಯಷ್ಟಾಯಿತು, ನಿಂಬೆಯಷ್ಟಾಯಿತು, ಕಾಳಿನಷ್ಟಾಯಿತು. ಹೋಯಿತು ಎಂದು ನಾನು ಹೇಳುವುದಕ್ಕೂ, ಅಕ್ಕನ ತಣ್ಣನೆಯ ಕೈ ನನ್ನ ಕಾಲಿಗೆ ತಾಗುವುದಕ್ಕೂ ಸರಿಹೋಯಿತು.

ಅಪ್ಪ ಅವಳನ್ನು ಬೆನ್ನ ಮೇಲೆ ಹೊತ್ತರು. ಮನೆಗೆ ಬಂದು, ಸೀಮೆಎಣ್ಣೆಯ ಹೀಟರ್ ಮುಂದೆ ಅವಳ ಕಾಲನ್ನು ಟವೆಲಿನಲ್ಲಿ ತಿಕ್ಕಿ, ತಾವೇ ಮೆಣಸಿನ ಸಾರು ಕಾಯಿಸಿ ಇಬ್ಬರಿಗೂ ಲೋಟದಲ್ಲಿ ಕೊಟ್ಟರು. ಅಕ್ಕನಿಗೆ ಒಂದು ಬೈಗುಳವಿಲ್ಲ, ನನಗೂ ಇಲ್ಲ. ನನಗೆ ತಡೆಯಲಾಗಲಿಲ್ಲ. ನಾನೇ ಅಕ್ಕನನ್ನು ಮುಳುಗಿಸುತ್ತಿದ್ದೆ ಎಂದು ಗೊಳೋ ಎಂದು ಅತ್ತೆ. ಆಗ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಒಂದು ರೆಕ್ಕೆಯ ಕತೆ ಹೇಳಿದರು.

ಬರ್ಮಾದ ಕಾಡಿನ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಇಬ್ಬರೇ. ಮುಂದೆ ಪೈಲಟ್, ಅವನಿಗೆ ಬೆನ್ನು ಮಾಡಿಕೊಂಡು ಹಿಂದೆ ಅಪ್ಪ, ಎದುರಿಗೆ ಬಂದೂಕು. ಆಗ ಅಪ್ಪನಿಗೆ ಇಪ್ಪತ್ತೆರಡು ವರ್ಷ. ಪೈಲಟ್‌ಗೆ ಹಿಂದೆ ಕಾಣುವುದಿಲ್ಲ, ಅವನ ಬೆನ್ನಿಗೆ ಅಪ್ಪನೇ ಕಣ್ಣು. ಆಕಾಶವನ್ನು ಚೌಕ ಚೌಕ ಮಾಡಿಕೊಂಡು ಮೂಲೆಯಿಂದ ಮೂಲೆಗೆ ನೋಡುತ್ತಲೇ ಇರಬೇಕು, ಶತ್ರು ವಿಮಾನ ಮೊದಲು ಕಾಣುವುದು ಸಾಸಿವೆಯಷ್ಟು. ಹಿಂದಕ್ಕೆ ಮುಖ ಮಾಡಿ ಕೂತವನ ಎಡ ವಿಮಾನಕ್ಕೆ ಬಲ, ಆದ್ದರಿಂದ ಯಾವಾಗಲೂ ವಿಮಾನದ ಎಡಬಲವನ್ನೇ ಹೇಳಬೇಕು. ತಿಂಗಳುಗಟ್ಟಲೆ ಅದನ್ನೇ ಕಲಿಸಿದ್ದರು, ಅಪ್ಪ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾಗಿದ್ದರು. ಆದರೆ ಒಂದು ಬೆಳಿಗ್ಗೆ ಸಾಸಿವೆ ಕಾಣಿಸಿತು, ನೋಡನೋಡುತ್ತ ಅದಕ್ಕೆ ರೆಕ್ಕೆ ಬಂತು, ಬೆಂಕಿ ಬಂತು. ಶತ್ರು ಎಡಕ್ಕೆ ಎಂದು ಅಪ್ಪ ಕೂಗಿದ್ದು ತಮ್ಮ ಎಡವನ್ನು. ಪೈಲಟ್ ಅವರ ಮಾತು ನಂಬಿ, ತಪ್ಪಿಸಿಕೊಳ್ಳಲು ಬಲಕ್ಕೆ, ಅಂದರೆ ಗುಂಡು ಬರುತ್ತಿದ್ದ ಕಡೆಗೇ ವಿಮಾನ ತಿರುಗಿಸಿದ.

ಪೈಲಟ್‌ನ ತೋಳಿಗೆ ಗುಂಡು ಬಿತ್ತು. ಒಂದೇ ಕೈಯಲ್ಲಿ ವಿಮಾನ ಇಳಿಸಿದ. ಬದುಕಿದ, ಆದರೆ ಆಮೇಲೆ ಎಂದೂ ಹಾರಲಿಲ್ಲ. "ಆಸ್ಪತ್ರೇಲಿ ನೋಡೋಕೆ ಹೋಗಿದ್ದೆ. ನಿನ್ನ ಕಿವಿ ಹೇಗಿದೆ ಅಂತ ನನ್ನೇ ಕೇಳಿದ. ಒಂದು ಮಾತು ಬಯ್ದಿದ್ರೆ ಚೆನ್ನಾಗಿರೋದು," ಎಂದರು ಅಪ್ಪ. ಅವರ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪಂದಿರೂ ಅಳುತ್ತಾರೆಂದು ನನಗೆ ಆ ದಿನ ಗೊತ್ತಾಯಿತು.

ಬಂದೂಕಿನ ಸದ್ದಿಗೆ ಕಿವಿ ಹೋಗಿದ್ದರಿಂದ ಅಪ್ಪನನ್ನು ನೆಲದ ಮೇಲಿನ ರೇಡಾರ್ ಕೆಲಸಕ್ಕೆ ಹಾಕಿದರು. ಒಂದು ಡೇರೆ, ಅದರೊಳಗೆ ಹಸಿರು ಬೆಳಕಿನ ಗಾಜು. ಅಲ್ಲಿ ಪ್ರತಿ ವಿಮಾನವೂ ಒಂದು ಚುಕ್ಕೆ. ಅಲ್ಲಿ ಎಡವಿಲ್ಲ ಬಲವಿಲ್ಲ, ಉತ್ತರದಿಂದ ಇಷ್ಟು ಡಿಗ್ರಿ ಎಂದು ದಿಕ್ಕಿನ ಅಂಕಿ ಹೇಳಿದರೆ ಸಾಕು, ಅದು ಅಪ್ಪನಿಗೆ ದೊಡ್ಡ ನೆಮ್ಮದಿ. ಒಮ್ಮೆ ಮಳೆಮೋಡದಲ್ಲಿ ದಾರಿ ತಪ್ಪಿದ ಒಂದು ಚುಕ್ಕೆಯನ್ನು ರೇಡಿಯೊದಲ್ಲಿ ಅಂಕಿ ಹೇಳುತ್ತ ಹೇಳುತ್ತ ನೆಲ ಮುಟ್ಟಿಸಿದರಂತೆ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಕೆಸರಾದ ಒಬ್ಬ ಹುಡುಗ ಡೇರೆಯೊಳಗೆ ಬಂದು, ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತನಂತೆ. ಚುಕ್ಕೆಗೆ ಬೆಚ್ಚನೆಯ ಕೈ ಇತ್ತು ಎಂದು ಅಪ್ಪ ಹೇಳಿದಾಗ ನಾನು ಅಳು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತ ಕೂತೆ. ಎಡ ಬಲ ಬಾರದವರೆಂದು ನಾವು ನಕ್ಕಿದ್ದು ಇವರನ್ನೇ.

ಮುಂದಿನ ಭಾನುವಾರ ರೈಲಿನಲ್ಲಿ ಅಕ್ಕ ದೂರ ಹೋಗಲಿಲ್ಲ. ಅಪ್ಪನ ಪಕ್ಕದಲ್ಲಿ, ಹಿಂದಕ್ಕೆ ಮುಖ ಮಾಡಿ ಕೂತಳು. ಈಗ ಕ್ರೋಯ್ಡನ್‌ನಲ್ಲಿ ಮುದುಕಿಯಾಗಿ ಕೂತಿದ್ದರೂ, ಫೋನು ಮಾಡಿದಾಗಲೆಲ್ಲ ನನ್ನನ್ನು 'ಏನೇ, ಎಡಕ್ಕೆ ಸರ್ಕೋ' ಎಂದೇ ಕರೆಯುತ್ತಾಳೆ.

ನಿಮ್ಮ ಕಾಲ ಬೇರೆ. ಆ ಹಳದಿ ಮಂಜು ಈಗ ಇಲ್ಲ. ರೇನರ್ಸ್ ಲೇನ್‌ನ ನಮ್ಮ ಹಿತ್ತಲಲ್ಲಿ ನಿಂತು ನೀವು ಫೋನನ್ನು ಆಕಾಶಕ್ಕೆ ಹಿಡಿದರೆ, ಮೇಲೆ ಹೋಗುವ ವಿಮಾನ ಯಾವುದು, ಎಲ್ಲಿಂದ ಬಂತು ಎಂದು ಅದೇ ಹೇಳುತ್ತದೆ. ದಾರಿ ತಪ್ಪಿದರೂ ಅದೇ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುತ್ತದೆ, ಅದೂ ನಡೆಯುವವರ ಎಡಬಲವನ್ನೇ. ಅಪ್ಪ ಇದ್ದಿದ್ದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಆದರೆ ಈ ಕತೆ ಇವತ್ತು ಹೇಳಿದ್ದು ಫೋನಿಗಾಗಿ ಅಲ್ಲ. ಹೋದ ವಾರ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ನಾನು ಸ್ಟೇಷನ್ನಿನ ಮೆಟ್ಟಿಲಿಳಿಯುತ್ತಿದ್ದೆನಲ್ಲ, ನಿಮ್ಮಲ್ಲಿ ಚಿಕ್ಕವಳು ನನ್ನ ಎದುರಿಗೆ ಹಿಂದೆ ಹಿಂದೆ ಇಳಿಯುತ್ತ, ಕಂಬಿ ಹಿಡಿದುಕೊಳ್ಳಲೆಂದು 'ಲೆಫ್ಟ್ ಅಜ್ಜಿ, ಲೆಫ್ಟ್' ಎನ್ನುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ. ಯಾರ ಲೆಫ್ಟು ಎಂದು ಕೇಳಿದೆ. ಅವಳು ತನ್ನ ಕೈ ನೋಡಿಕೊಂಡಳು, ನನ್ನ ಕೈ ನೋಡಿದಳು. ಒಂದು ಮೆಟ್ಟಿಲು ಮೇಲೆ ಹತ್ತಿ, ತಿರುಗಿ, ನನ್ನ ಪಕ್ಕದಲ್ಲಿ ನಾನು ನೋಡುವ ಕಡೆಗೇ ಮುಖ ಮಾಡಿ ನಿಂತಳು. ಎಂದೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಕಂಬಿಯ ಕಡೆಗಿದ್ದ ನನ್ನ ಬಲಗೈ ಮುಟ್ಟಿ ಹೇಳಿದಳು.

"ನಿಮ್ದು ಈ ಕಡೆ, ಅಜ್ಜಿ."