ಮನೆ ನೋಡಲು ಬಂದ ಇಬ್ಬರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಹಾಸುಬಟ್ಟೆಗಳನ್ನು, ಎದುರಿಗೆ ಒಬ್ಬಳನ್ನು ನಿಲ್ಲಿಸಿಕೊಂಡು, ತುದಿಗೆ ತುದಿ ಸೇರಿಸಿ ಮಡಿಸುವುದು ಅವಳ ಕೆಲಸ. ಸಂಜೆ ಹೊತ್ತಿಗೆ ಸೊಂಟ ತನ್ನದಲ್ಲ ಎನಿಸುತ್ತಿತ್ತು. ಆದರೂ ಆ ದಣಿವು ಮಲಗಿ ಎದ್ದರೆ ಹೋಗುತ್ತದೆ. ಮನೆ ಬದಲಾಯಿಸುವ ದಣಿವು ಮಾತ್ರ ಮೂಳೆಗೇ ಇಳಿದಿತ್ತು.

ಅಷ್ಟು ಸಲ ಗಂಟುಮೂಟೆ ಕಟ್ಟಿದ್ದರಿಂದ ಒಂದು ಲಾಭವಾಗಿತ್ತು. ಬಾಡಿಗೆಮನೆಯ ವಿಷಯದಲ್ಲಿ ಅವಳನ್ನು ಯಾಮಾರಿಸಲು ಯಾವ ಮಾಲೀಕನ ಅಪ್ಪನಿಂದಲೂ ಆಗುತ್ತಿರಲಿಲ್ಲ. ಜೊತೆಯವರು ಮನೆ ನೋಡಲು ಹೊರಟರೆ ಮೊದಲು ಅವಳ ಕಿವಿಗೆ ಹಾಕುತ್ತಿದ್ದರು. ಅವಳು ಕೈಕೆಲಸ ಬಿಡದೆ ಶುರು ಮಾಡುತ್ತಿದ್ದಳು.

"ನೀರು ಬರುತ್ತಾ ಅಂತ ಕೇಳಬೇಡ, ಬರುತ್ತೆ ಅಂತಾನೇ ಹೇಳ್ತಾರೆ. ಎಷ್ಟು ಹೊತ್ತಿಗೆ ಬರುತ್ತೆ, ಬರದ ದಿನ ಏನು ಗತಿ ಅಂತ ಕೇಳು. ಕರೆಂಟ್ ಮೀಟರ್ ನಿಂಗೆ ಬೇರೆ ಇದೆಯಾ, ಇಲ್ಲ ಅವರ ಮನೆ ಫ್ಯಾನಿನ ಬಿಲ್ಲೂ ನಿನ್ನ ತಲೆ ಮೇಲೇನಾ? ನಲ್ಲಿ ಕೆಟ್ರೆ ರಿಪೇರಿ ಯಾರದು? ಬಿಡೋವಾಗ ಬಣ್ಣದ ಖರ್ಚು ಅಂತ ಅಡ್ವಾನ್ಸಲ್ಲಿ ಎಷ್ಟು ಮುರ್ಕೋತಾರೆ? ಖಾಲಿ ಮಾಡಿ ಅನ್ನೋದಾದ್ರೆ ಎಷ್ಟು ದಿನ ಮುಂಚೆ ಹೇಳ್ತಾರೆ? ಎಲ್ಲಾನೂ ಅಗ್ರಿಮೆಂಟಲ್ಲಿ ಬರೆಸು. ಬಾಯಿಮಾತು ಆಮೇಲೆ ಯಾರಿಗೆ ನೆನಪಿರುತ್ತೆ?"

"ಇಷ್ಟೆಲ್ಲ ಕೇಳಿದ್ರೆ ಮನೆ ಕೊಡ್ತಾರಾ ದೊಡ್ಡಕ್ಕಾ?" ಎಂದು ಎದುರಿಗಿದ್ದವಳು ಕೇಳಿದರೆ, "ಕೊಡದಿದ್ರೆ ಬಿಡು. ಒಳಗೆ ಕೂರಿಸಿ ಆಮೇಲೆ ಕತ್ತು ಹಿಡಿದು ನೂಕೋದಕ್ಕಿಂತ ಬಾಗಿಲಲ್ಲೇ ಬೇಡ ಅನ್ನಿಸಿಕೊಳ್ಳೋದು ವಾಸಿ" ಎನ್ನುತ್ತಿದ್ದಳು.

ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾತಾಯಿ ತನ್ನ ಮನೆಯ ಮಾತು ಬಂದಾಗ ಮಾತ್ರ ಒಂದು ವಿಷಯವನ್ನು ನುಂಗಿಕೊಳ್ಳುತ್ತಿದ್ದಳು. ಅವಳಿಗೊಬ್ಬ ತಮ್ಮನಿದ್ದ. ತಲೆ ನರೆತಿತ್ತು, ಬುದ್ಧಿ ಮಾತ್ರ ಆರೇಳು ವರ್ಷದ ಮಗುವಿನದು. ಅಪ್ಪ ಅಮ್ಮ ಹೋದಮೇಲೆ ಅವನಿಗೆ ಇವಳೇ ಎಲ್ಲ. ಪುಟ್ಟ ಎಂದು ಕರೆಯುತ್ತಿದ್ದಳು. ಬಡಿಸಿಟ್ಟಿದ್ದನ್ನು ತಿಂದು, ಅವಳು ಬರುವವರೆಗೆ ಕಿಟಕಿಯಲ್ಲಿ ಕುಳಿತು, ಓಡಾಡುವವರನ್ನು ನೋಡುತ್ತಿದ್ದ. ಯಾರ ತಂಟೆಗೂ ಹೋದವನಲ್ಲ. ಆದರೆ ನಗು ಬಂದರೆ ಬೀದಿಯ ಆ ತುದಿಗೆ ಕೇಳುವಂತೆ ನಗುತ್ತಿದ್ದ. ಆ ನಗುವೇ ಪ್ರತಿ ಮನೆಯಲ್ಲೂ ಮುಳುವಾಯಿತು. "ಒಬ್ಬರೇ ಅಂದಿದ್ರಲ್ಲ?" ಎಂದು ಮಾಲೀಕರು ಬಾಗಿಲಿಗೆ ಬರುತ್ತಿದ್ದರು. ಮಕ್ಕಳಿರೋ ಜಾಗ, ಅಕ್ಕಪಕ್ಕದವರು ಹೆದರ್ತಾರೆ, ಬೇಜಾರು ಮಾಡ್ಕೋಬೇಡಿ ಎನ್ನುತ್ತಿದ್ದರು. ಬೇಜಾರು ಮಾಡಿಕೊಳ್ಳಲೂ ಅವಳಲ್ಲೀಗ ಶಕ್ತಿ ಉಳಿದಿರಲಿಲ್ಲ.

ಹಾಗಾಗಿ ಈ ಸಲ ಮೊದಲೇ ಹೇಳಿಬಿಡುವುದೆಂದು ತೀರ್ಮಾನಿಸಿದಳು. ಎಲ್ಲಿಂದಲೋ ಧೈರ್ಯ ಬಂತು ಅಂತೇನಲ್ಲ, ಇನ್ನೊಂದು ಸುಳ್ಳು ಹೊರುವ ತ್ರಾಣ ಇರಲಿಲ್ಲ, ಅಷ್ಟೆ. ರಜೆಯ ದಿನ ಪುಟ್ಟನಿಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ಜೊತೆಯಲ್ಲೇ ಕರೆದುಕೊಂಡು ಹೊರಟಳು.

ಮನೆ ಮಹಡಿಯ ಮೇಲಿತ್ತು. ಕೆಳಗೆ ಮಾಲೀಕರ ಹಾರ್ಡ್‌ವೇರ್ ಅಂಗಡಿ. ಮೊಳೆ ತೂಗುತ್ತಿದ್ದ ಅವರು ತಲೆಯನ್ನೂ ಎತ್ತದೆ, "ಬಾಗಿಲು ತೆಗೆದೇ ಇದೆ, ನೋಡ್ತಿರಿ. ಗಿರಾಕಿ ಕಳಿಸಿ ಬರ್ತೀನಿ" ಎಂದರು.

ಮೇಲೆ ಹೋಗಿ ಅವಳು ನಲ್ಲಿ ತಿರುಗಿಸಿದಳು, ತೇವ ಇದೆಯೇ ಎಂದು ಗೋಡೆಗೆ ಅಂಗೈ ಒತ್ತಿ ನೋಡಿದಳು. ಗೋಡೆ ಒಣಗಿತ್ತು, ಗಾಳಿಯೂ ಆಡುತ್ತಿತ್ತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ತಿರುಗಿ ನೋಡಿದರೆ ಪುಟ್ಟ ಇಲ್ಲ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು.

ಬಾಡಿಗೆಗೆಂದು ಮಾಲೀಕರು ಬಂದಾಗಲೆಲ್ಲ, "ಒಳಗೆ ಹೋಗು, ಅವರು ಹೋಗೋವರೆಗೆ ಉಸಿರೆತ್ತಬೇಡ" ಎಂದು ಅವನನ್ನು ಕಳಿಸುತ್ತಿದ್ದವಳು ಅವಳೇ. ಇವತ್ತು ಯಾರೂ ಹೇಳಿರಲಿಲ್ಲ. ಸದ್ದು ಕೇಳಿ ತಾನಾಗಿಯೇ ಹೋಗಿದ್ದ.

ಮಾಲೀಕರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ಹೆಂಗಿದೆ ಮನೆ? ನೀವೊಬ್ಬರೇನಾ ಇರೋದು?"

ಹೂಂ ಅಂದರೆ ಮುಗಿಯಿತು. ಮನೆ ಕೈಗೆ ಬಂದಂತೆಯೇ. ಒಳಗೊಬ್ಬ ಇದ್ದಾನೆಂಬ ಸುಳಿವೂ ಆ ಬಾಗಿಲು ಬಿಟ್ಟುಕೊಟ್ಟಿರಲಿಲ್ಲ. "ಇಲ್ಲ, ಇಬ್ಬರು" ಎಂದು ಹೋಗಿ ಬಾಗಿಲು ತಳ್ಳಿದಳು.

ಬಾಗಿಲ ಹಿಂದೆ ಪುಟ್ಟ ಬಾಯಿಗೆ ಅಂಗೈ ಒತ್ತಿಕೊಂಡು ಕುಳಿತಿದ್ದ. ಕೈ ತೆಗೆದು ಪಿಸುಗುಟ್ಟಿದ. "ಹೋದ್ರಾ ಅಕ್ಕಾ?"

"ಇಲ್ಲ ಕಣೋ. ಇಲ್ಲೇ ಇದ್ದಾರೆ. ಎದ್ದು ಬಾ."

ಮಾಲೀಕರ ಕಡೆ ತಿರುಗಿ ಒಂದೇ ಉಸಿರಿನಲ್ಲಿ ಹೇಳಿದಳು: "ಇವನು ನನ್ನ ತಮ್ಮ. ಬುದ್ಧಿ ಬೆಳೆದಿಲ್ಲ. ನಾನು ಕೆಲಸಕ್ಕೆ ಹೋದಾಗ ಒಬ್ಬನೇ ಇರ್ತಾನೆ. ಜೋರಾಗಿ ನಗ್ತಾನೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಇಳಿದು ಹೋಗ್ತೀವಿ."

ಅವರು ಪುಟ್ಟನನ್ನು ಮೇಲಿಂದ ಕೆಳಗೆ ನೋಡಿದರು. "ನಗೋದು ಬಿಟ್ಟು ಇನ್ನೇನಾದ್ರೂ?"

"ಇನ್ನೇನಿಲ್ಲ."

"ನೀವು ಮುಚ್ಚಿಡದೆ ಹೇಳಿದ್ರಿ, ನಾನೂ ಹೇಳಿಬಿಡ್ತೀನಮ್ಮಾ. ಕೆಳಗೆ ಇಡೀ ದಿನ ಪೈಪ್ ಕೊಯ್ಯೋ ಮಷೀನು ಕಿರುಚುತ್ತೆ. ಹಿಂದಿನವರು ಆ ಸದ್ದಿಗೇ ಬಿಟ್ಟು ಹೋದ್ರು. ಅದು ನಿಮಗಾಗುತ್ತೆ ಅಂದ್ರೆ, ಇವರ ನಗು ನಮಗೂ ಆಗುತ್ತೆ."

"ಅಗ್ರಿಮೆಂಟಲ್ಲಿ ಇಬ್ಬರ ಹೆಸರೂ ಇರಬೇಕು."

"ಇರಲಿ. ಬರೆಸೋಣ" ಎಂದು ಅವರು ಇಳಿದು ಹೋದರು.

ದೊಡ್ಡಕ್ಕ ಗೋಡೆಗೆ ಒರಗಿ ಬರಿನೆಲದಲ್ಲೇ ಕುಳಿತುಬಿಟ್ಟಳು. ಸಂತೋಷಕ್ಕೆ ಅಳು ಬರಬೇಕಿತ್ತು. ಬಂದದ್ದು ಆಕಳಿಕೆ. ಕೆಳಗೆ ಮಷೀನು ಕಿರುಚತೊಡಗಿತು, ಅದು ಅವಳಿಗೆ ಜೋಗುಳದಂತೆ ಕೇಳಿಸಿತು.

ಪುಟ್ಟ ಬಂದು ಪಕ್ಕದಲ್ಲಿ ಕುಳಿತ. "ಈ ಮನೆ ಚೆನ್ನಾಗಿದೆ ಅಕ್ಕಾ."

"ಹೌದೇನೋ? ಕಿಟಕಿ ದೊಡ್ಡದಿದೆ ಅಂತಾನಾ?"

"ಅಲ್ಲ. ಬಾಗಿಲ ಹಿಂದೆ ಜಾಗ ಇದೆ. ಅವರು ಬಂದಾಗ ಕಾಲು ಚಾಚ್ಕೊಂಡು ಕೂತ್ಕೋಬಹುದು. ಬೇರೆ ಮನೇಲೆಲ್ಲ ಕಾಲು ನೋಯ್ತಿತ್ತು."

ಬಾಗಿಲ ಹಿಂದೆ ಹೇಗೆ ಕೂರುತ್ತೀಯೆಂದು ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಒಮ್ಮೆಯೂ ಕೇಳಿರಲಿಲ್ಲ.