ಸೊಸೆಯ ಜೀಪಿಗೊಂದು ಲಾಕರ್

ಭೂಮಿಯನ್ನು ಧರಿಸಿದವನಿಗೆ ಮೊದಲ ನಮಸ್ಕಾರ. ಆ ಭೂಮಿಯ ಮೇಲೆ ನಮ್ಮನ್ನು ಹೊತ್ತು ಉರುಳುವ ಚಕ್ರಗಳಿಗೆ, ಅವುಗಳಿಗೆ ದಾರಿ ಕೊಡುವ ಮಣ್ಣಿಗೆ, ಒಮ್ಮೊಮ್ಮೆ ದಾರಿ ಕೊಡಲೊಲ್ಲದ ಕೆಸರಿಗೂ ನಮಸ್ಕಾರ. ಕೆಸರಿಗೇಕೆ ಎಂದು ನೀವು ಕೇಳಬಹುದು. ಅದಿಲ್ಲದಿದ್ದರೆ ಡಿಫರೆನ್ಷಿಯಲ್ ಎಂಬ ವಸ್ತುವಿನ ಹೆಸರನ್ನೂ ಕೇಳದೆ ನಾನು ಈ ಲೋಕದ ಲೆಕ್ಕ ಮುಗಿಸಿಬಿಡುತ್ತಿದ್ದೆ. ಪಾಠ ಹೇಳಿದವರು ಯಾರೇ ಆಗಲಿ, ಮೊದಲು ಅವರನ್ನು ನೆನೆಯುವುದು ನಮ್ಮ ಕಡೆಯ ರೂಢಿ.

ನಾನು ತುಮಕೂರಿನ ಸಂಸ್ಕೃತ ಪಾಠಶಾಲೆಯೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮಡಕೆಯ ಹುಟ್ಟಿಗೆ ಕುಂಬಾರನ ಕೋಲು, ಕುಂಬಾರನ ಚಕ್ರ ಹೇಗೆ ಕಾರಣಗಳಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳಿಗೆ ನಿದ್ರೆ ಬರುವಷ್ಟು ವಿಸ್ತಾರವಾಗಿ ವಿವರಿಸಿದ್ದೇನೆ. ಆದರೆ ಚಕ್ರ ಚೆನ್ನಾಗಿ ತಿರುಗುತ್ತಲೇ ಇದ್ದು, ಕಾರ್ಯ ಮಾತ್ರ ಒಂದಂಗುಲವೂ ನಡೆಯದಿರುವ ಪ್ರಸಂಗವನ್ನು ನಾನು ಓದಿದ ಗ್ರಂಥಗಳಲ್ಲಿ ಕಂಡ ನೆನಪಿಲ್ಲ. ಅದನ್ನು ಕಣ್ಣಾರೆ ಕಂಡು ಬಂದು ಹೇಳಿದವಳು ನನ್ನ ಸೊಸೆ ಜಾಹ್ನವಿ.

ಜಾಹ್ನವಿ ಪಶುವೈದ್ಯೆ. ನಮ್ಮೆಲ್ಲರ ಮನೆ ತುಮಕೂರಿನ ಶೆಟ್ಟಿಹಳ್ಳಿ ಬಡಾವಣೆಯಲ್ಲಿ, ಅವಳ ಕೆಲಸ ಗುಬ್ಬಿ ದಾಟಿ ಸಿ.ಎಸ್. ಪುರದ ಸುತ್ತಿನ ಹಳ್ಳಿಗಳಲ್ಲಿ. ಮಂಡಿ ಶಸ್ತ್ರಚಿಕಿತ್ಸೆಯಾದ ತಾಯಿ ಇರುವುದು ಕುಣಿಗಲ್ಲಿನಲ್ಲಿ. ಹೀಗಾಗಿ ಅವಳ ಜೀಪು ವಾರದಲ್ಲಿ ಅರ್ಧ ಡಾಂಬರಿನ ಮೇಲೂ ಅರ್ಧ ಕೆರೆಯಂಗಳದಲ್ಲೂ ಬಾಳುತ್ತದೆ. ಹೋದ ಮಳೆಗಾಲದಲ್ಲಿ ಸಿ.ಎಸ್. ಪುರದ ಆಚೆ ಪುಟ್ಟಮ್ಮ ಎಂಬ ರೈತಗಿತ್ತಿಯ ಹಸು ಕರು ಹಾಕಲಾರದೆ ನರಳುತ್ತಿದೆಯೆಂದು ಕರೆ ಬಂತು. ಜೀಪು ಕೆರೆಯಂಗಳದ ಕೆಸರಿನಲ್ಲಿ ಹೂತುಕೊಂಡಿತು. ಚೀಲ ಹೊತ್ತು ನಡೆದು ತಲುಪುವ ಹೊತ್ತಿಗೆ ಹಸು ಉಳಿದಿತ್ತು, ಕರು ಉಳಿದಿರಲಿಲ್ಲ. ಪುಟ್ಟಮ್ಮ ಬೈದಿದ್ದರೆ ಜಾಹ್ನವಿಗೆ ಹಗುರವಾಗುತ್ತಿತ್ತೋ ಏನೋ. ಆಕೆ, "ನೀವೇನ್ ಮಾಡೀರಿ ಬುಡಿ ಡಾಕ್ಟ್ರೇ, ದಾರಿ ಹಂಗೈತೆ" ಎಂದುಬಿಟ್ಟಳಂತೆ. ಆ ಕ್ಷಮೆಯನ್ನು ಹೊತ್ತು ಬಂದ ಸೊಸೆ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ, "ಮಾವ, ಜೀಪಿಗೆ ಲಾಕರ್ ಹಾಕಿಸಬೇಕು" ಎಂದಳು.

ಲಾಕರ್ ಎಂದರೆ ಒಡವೆ ಇಡುವ ಪೆಟ್ಟಿಗೆಯಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ವಾಹನ ತಿರುವು ತೆಗೆದುಕೊಳ್ಳುವಾಗ ಒಳಬದಿಯ ಚಕ್ರ ಕಡಿಮೆ ದೂರ ನಡೆಯುತ್ತದೆ, ಹೊರಬದಿಯದು ಹೆಚ್ಚು. ಎರಡನ್ನೂ ತಮ್ಮತಮ್ಮ ವೇಗಕ್ಕೆ ಬಿಟ್ಟುಕೊಡುವ ಹಲ್ಲುಚಕ್ರಗಳ ಒಂದು ಸಂಸಾರ ಅಚ್ಚಿನ ನಡುವೆ ಇದೆ; ಅದೇ ಡಿಫರೆನ್ಷಿಯಲ್. ಒಳ್ಳೆಯ ಸ್ವಭಾವ, ಆದರೆ ಅತಿ ಸೌಮ್ಯ. ಒಂದು ಚಕ್ರ ಕೆಸರಿನಲ್ಲಿ ಜಾರಿತೆಂದರೆ ತಿರುಗುವ ಭಾಗ್ಯವೆಲ್ಲ ಅದಕ್ಕೇ. ಗಟ್ಟಿನೆಲದ ಮೇಲೆ ನಿಂತು ನಿಜವಾಗಿ ಕೆಲಸ ಮಾಡಬಲ್ಲ ಚಕ್ರ ಸುಮ್ಮನೆ ನಿಂತಿರುತ್ತದೆ. ಮದುವೆಮನೆಗಳಲ್ಲಿಯೂ ಹೀಗೆಯೇ ಅಲ್ಲವೇ? ಅತ್ತಿಂದಿತ್ತ ಗಿರಗಿರನೆ ಸುತ್ತುವವನಿಗೇ ಎಲ್ಲ ಮರ್ಯಾದೆ. ಜಾಹ್ನವಿಯದು ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಜೀಪು. ಆದರೂ ಮುಂದೊಂದು, ಹಿಂದೊಂದು ಜಾರಿದರೆ ಉಳಿದೆರಡು ಸಾಕ್ಷಿಗಳಂತೆ ನಿಂತುಬಿಡುತ್ತವೆ. ಹಾಗಾಗದಂತೆ ಎಡಬಲದ ಚಕ್ರಗಳನ್ನು ಒಂದೇ ಸಂಕಲ್ಪಕ್ಕೆ ಕಟ್ಟುವುದು ಲಾಕರ್.

ನಮ್ಮ ಮನೆಯಲ್ಲಿ ಹಿರಿಯರು ನೋಡದೆ ಯಾವುದನ್ನೂ ಕೊಳ್ಳುವ ಪದ್ಧತಿಯಿಲ್ಲ. ನೋಡಿದ ಹಿರಿಯರಿಗೆ ತಿಳಿಯಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಊರಂಚಿನ ಸತ್ಯಮಂಗಲದ ವರ್ಕ್‌ಶಾಪಿಗೆ ನಾನೂ ಹೋದೆ. ಅದರ ಯಜಮಾನ ನಂಜುಂಡಿ ಮಾತಿನ ಮಲ್ಲ.

"ಸಾಮಿ, ಆಟೋಮ್ಯಾಟಿಕ್ ಹಾಕ್ಸ್‌ಬುಡಿ. ಸ್ವಿಚ್ಚಿಲ್ಲ, ಪೈಪಿಲ್ಲ. ತಾನೇ ಹಿಡ್ಕೋತದೆ, ತಾನೇ ಬುಡ್ತದೆ. ಹಾಕ್ಸಿ ಮರ್ತುಬುಡಿ!"

"ಮರೆಯಕ್ಕೆ ಅದು ಬಿಡಲ್ವಲ್ಲ ನಂಜುಂಡಣ್ಣ," ಎಂದಳು ಜಾಹ್ನವಿ. "ತಿರುವಲ್ಲಿ ಕಟಕಟ ಅನ್ನುತ್ತೆ. ಒದ್ದೆ ರೋಡಲ್ಲಿ ಆಕ್ಸಿಲರೇಟರ್ ತುಳಿದ್ರೆ ಹಿಂದ್ಗಡೆ ಸೊಂಟ ತಿರುಗಿಸುತ್ತೆ. ಕುಣಿಗಲ್ ರೋಡಲ್ಲಿ ಅಮ್ಮನ್ನ ಕೂರಿಸ್ಕೊಂಡು ಬರೋಳು ನಾನು."

"ಅದು ಸೊಂಟ ತಿರುಗ್ಸಿದ್ರೆ ನೀವು ಸ್ಟೇರಿಂಗ್ ತಿರುಗ್ಸಿ ಡಾಕ್ಟ್ರಮ್ಮ! ಬ್ಯಾಡ್ವಾ, ಲಿಮಿಟೆಡ್ ಸ್ಲಿಪ್ ತಗೊಳಿ. ಪೂರ್ತಿ ಬಿಗಿಯಲ್ಲ, ಜಾರೋ ಚಕ್ರನ ಒಸಿ ತಡೀತದೆ ಅಷ್ಟೆ. ರೋಡ್ ಮೇಲೆ ಬೆಣ್ಣೆ."

"ಒಂದು ಚಕ್ರ ಗಾಳೀಲಿ ನೇತಾಡಿದ್ರೆ?"

ನಂಜುಂಡಿ ಕಿವಿ ಕೆರೆದುಕೊಂಡ. "ಗಾಳೀಲಿ ನೇತಾಡಿದ್ರಾ... ದೇವ್ರವ್ನೆ ಬುಡಿ."

ದೇವರ ಹೆಸರು ಬಂದದ್ದರಿಂದ ನಾನು ಬಾಯಿ ಹಾಕಲೇಬೇಕಾಯಿತು. ಬೇಕೆಂದಾಗ ಹಿಡಿದು, ಬೇಡವೆಂದಾಗ ಬಿಡುವ ಬಗೆ ಇಲ್ಲವೇ ಎಂದು ಕೇಳಿದೆ.

"ಐತೆ ಸಾಮಿ, ಏರ್ ಲಾಕರ್. ಸ್ವಿಚ್ ಒತ್ತಿದ್ರೆ ಗಾಳಿ ಹೋಗಿ ಲಾಕ್ ಆಯ್ತದೆ. ಆಫ್ ಮಾಡಿದ್ರೆ ಇಲ್ಲದಂಗೇ. ಪೈಪ್ ಕಿತ್ತೋದ್ರೆ ಮಾತ್ರ ನನ್ನ ಬೈಬ್ಯಾಡಿ."

"ಪೈಪು ನಾನು ನೋಡ್ಕೋತೀನಿ. ಆ ಕಂಪ್ರೆಸರಲ್ಲಿ ಟೈರಿಗೂ ಗಾಳಿ ತುಂಬಬಹುದು," ಎಂದಳು ಜಾಹ್ನವಿ. ನಂಜುಂಡಿ ಮುಂದಿನ ಅಚ್ಚಿಗೂ ಒಂದು ಹಾಕಿದರೆ ಜೋಡಿ ಚೆಂದವೆಂದ. ಮುಂದೆ ಬಿಗಿದರೆ ಸ್ಟೇರಿಂಗ್ ತಿರುಗದೆಂದು ಅವಳು ಹಿಂದಿನದೊಂದಕ್ಕೇ ನಿಂತಳು.

ಮನೆಗೆ ಬಂದು ಈ ಮೂರು ಬಗೆಗಳನ್ನು ನನ್ನ ಹೆಂಡತಿ ಸಾವಿತ್ರಿಗೆ ವಿವರಿಸಿ, ಮನುಷ್ಯರಲ್ಲಿಯೂ ಇವೇ ಮೂರು ಜಾತಿಗಳಿವೆಯೆಂದು ವ್ಯಾಖ್ಯಾನ ಆರಂಭಿಸಿದೆ. ಅವಳು ಸೊಪ್ಪು ಬಿಡಿಸುತ್ತಲೇ, "ನೀವು ಆಟೋಮ್ಯಾಟಿಕ್ಕೇ ಕಣ್ರೀ. ಗ್ಯಾಸ್ ಸಿಲಿಂಡರ್‌ನವನು ಬಾಗಿಲಿಗೆ ಬಂದ್ರೂ ಮಡಿ ಅಂತೀರಿ" ಎಂದಳು. ವ್ಯಾಖ್ಯಾನ ಅಲ್ಲಿಗೆ ಸಮಾಪ್ತವಾಯಿತು.

ದುಡ್ಡು ಹೊಂದಿಸಿ ಲಾಕರ್ ಕೂರಿಸುವಷ್ಟರಲ್ಲಿ ಮುಂದಿನ ಮಳೆಗಾಲವೇ ಬಂದಿತ್ತು. ನಮ್ಮ ಬಡಾವಣೆಯ ಆಂಜನೇಯನ ಗುಡಿಯಲ್ಲಿ ಪೂಜೆ. ವಾಹನಪೂಜೆಯಲ್ಲಿ ದೀಪ, ಇಂಡಿಕೇಟರ್, ವೈಪರುಗಳನ್ನೆಲ್ಲ ಚಾಲೂ ಮಾಡಿ ದೇವರಿಗೆ ತೋರಿಸುವ ವಾಡಿಕೆ ನಿಮಗೂ ಗೊತ್ತಿದೆ. ಜಾಹ್ನವಿ ಹಾರ ಕಟ್ಟುತ್ತಿದ್ದಾಗ ನಾನು ಹಿರಿಯನ ಸ್ಥಾನವಾದ ಮುಂದಿನ ಸೀಟಿನಲ್ಲಿ ಕುಳಿತು, ಹೊಸ ಸ್ವಿಚ್ಚಿಗೆ ಮಾತ್ರ ಈ ಸೇವೆ ತಪ್ಪಬಾರದೆಂದು ಅಕ್ಷತೆಯ ಬೆರಳಿನಿಂದಲೇ ಅದನ್ನು ಒತ್ತಿದೆ. ಅವಳು ಬಂದು ಪ್ರದಕ್ಷಿಣೆಗೆ ಹೊರಟಳು. ಗುಡಿಯ ಸುತ್ತ ಸಿಮೆಂಟ್ ಹಾಸಿನ ಬೀದಿ. ಮೊದಲ ಮೂಲೆಯಲ್ಲಿ ಬಲಕ್ಕೆ ತಿರುಗಿಸಿದರೆ ಜೀಪು ತಿರುಗಲೊಲ್ಲದು! ಹಿಂದಿನ ಟೈರುಗಳು ಕಿರ್ರೆಂದು ಅರಚಿಕೊಂಡವು. ಬಂಡಿ ನೆಟ್ಟಗೆ ಚಪ್ಪಲಿಗಳ ರಾಶಿಯತ್ತ ನಡೆಯಿತು.

ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದವರು, "ಏನ್ ಸ್ವಾಮಿ, ದೇವರನ್ನ ಬಿಟ್ಟು ಪಾದರಕ್ಷೆಗೆ ಹೊರಟ್ರಲ್ಲ!" ಎಂದು ಕೂಗಿದರು.

ಜಾಹ್ನವಿ ಬ್ರೇಕ್ ಒತ್ತಿ, ಉರಿಯುತ್ತಿದ್ದ ಪುಟ್ಟ ದೀಪವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. "ಮಾವ, ಇದನ್ನ ಯಾರು ಒತ್ತಿದ್ದು?" ಜೀಪಿನಲ್ಲಿ ಇದ್ದವರೇ ಇಬ್ಬರು, ಅನುಮಾನಪ್ರಮಾಣಕ್ಕೆ ಕಷ್ಟವಿರಲಿಲ್ಲ.

ಅವಳು ಲಾಕ್ ಬಿಡಿಸಿದಳು. ಜೀಪು ಸಾಧುವಾಗಿ ಸುತ್ತು ಹಾಕತೊಡಗಿತು. ಆಗ ನನಗೆ ಹೊಳೆದದ್ದಿಷ್ಟು: ಪ್ರದಕ್ಷಿಣೆಯಲ್ಲಿ ದೇವರಿಗೆ ಹತ್ತಿರವಿರುವ ಚಕ್ರ ಕಡಿಮೆ ನಡೆಯುತ್ತದೆ, ದೂರದ್ದು ಹೆಚ್ಚು ನಡೆಯುತ್ತದೆ; ಪ್ರದಕ್ಷಿಣೆ ಮಾತ್ರ ಎರಡಕ್ಕೂ ಪೂರ್ಣವೇ. ಇಬ್ಬರೂ ಸಮನಾಗಿಯೇ ನಡೆಯಿರೆಂದು ಹಟ ಹಿಡಿದರೆ ದೇವರೇ ತಪ್ಪಿಹೋಗುತ್ತಾನೆ.

ಸುತ್ತು ಮುಗಿಯುತ್ತಿದ್ದಂತೆ ಫೋನು ಬಂತು. ಪುಟ್ಟಮ್ಮನ ದನಿ ನನಗೂ ಕೇಳುತ್ತಿತ್ತು. "ಡಾಕ್ಟ್ರೇ, ನಮ್ ಹಸ ಕೆಂಪಿ ಬೆಳಗಿಂದ ತಿಣುಕ್ತಾ ಅವ್ಳೆ ಕಣವ್ವ. ಒಂದೇ ಕಾಲು ಕಾಣ್ತೈತೆ. ದಾರಿ ಬ್ಯಾರೆ ಕೆಸ್ರಾಗೈತೆ, ಬರಕ್ಕಾಯ್ತದೋ ಇಲ್ವೋ..."

"ಬರ್ತಾ ಇದೀನಿ. ಹಸು ಮಲಗಿದ್ರೆ ಎಬ್ಬಿಸಬೇಡಿ."

ಇಳಿಯಿರಿ ಎನ್ನಲು ಅವಳಿಗೆ ವ್ಯವಧಾನವಿರಲಿಲ್ಲ. ಇಳಿಯಲು ನನಗೆ ಮನಸ್ಸಿರಲಿಲ್ಲ. ಹಾರ ಹಾಕಿಕೊಂಡೇ ಜೀಪು ಗುಬ್ಬಿ ದಾಟಿತು. ಹೆದ್ದಾರಿಯಲ್ಲಿ ಲಾಕರಿನ ಸದ್ದೂ ಇಲ್ಲ, ಸುಳಿವೂ ಇಲ್ಲ. ಕೆರೆಯಂಗಳಕ್ಕಿಳಿದ ಮೇಲೆ, ಹೋದ ವರ್ಷ ಹೂತಿದ್ದ ತಾವಿನಲ್ಲೇ ಹಿಂದಿನ ಎಡಚಕ್ರ ಬರಿದೇ ಸುತ್ತಿ ಕೆಸರು ಎರಚಿತು. ಜಾಹ್ನವಿ ನಿಲ್ಲಿಸಿದಳು. ಸ್ವಿಚ್ ಒತ್ತಿದಾಗ ಗಾಳಿಯ ಸಣ್ಣ ನಿಟ್ಟುಸಿರು, ಅಡಿಯಲ್ಲಿ ಟಕ್ಕೆಂಬ ಶಬ್ದ. ನಾನು ಯಾವ ಸ್ತೋತ್ರ ಹೇಳಲೆಂದು ಯೋಚಿಸುವಷ್ಟರಲ್ಲಿ ಎರಡೂ ಚಕ್ರಗಳು ಒಟ್ಟಿಗೆ ನೆಲ ಕಚ್ಚಿ, ಜೀಪು ಮುದಿ ಎತ್ತಿನಂತೆ ನಿಧಾನವಾಗಿ, ಆದರೆ ನಿಲ್ಲದೆ, ಆಚೆ ದಡಕ್ಕೆ ಹತ್ತಿತು.

ಕೊಟ್ಟಿಗೆಯಲ್ಲಿ ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಿಚಿಕೊಂಡಿತ್ತು. ಜಾಹ್ನವಿ ತೋಳಿನುದ್ದ ಕೈ ಹಾಕಿ ಅದನ್ನು ನೇರ ಮಾಡಿ, ಎರಡೂ ಕಾಲಿಗೆ ಹಗ್ಗ ಕಟ್ಟಿದಳು. ಪುಟ್ಟಮ್ಮನ ಗಂಡ ಸಂತೆಗೆ ಹೋಗಿದ್ದ.

"ಮಾವ, ಪಂಚೆ ಎತ್ತಿಕಟ್ಟಿ ಬನ್ನಿ. ಅದು ತಿಣುಕಿದಾಗ ಎಳೀರಿ, ಬಿಡಿ ಅಂದಾಗ ಬಿಡಿ."

"ಅಯ್ಯೋ, ಸಾಮಿಗೋಳು ಮಡೀಲಿ ಅವ್ರೆ, ಬ್ಯಾಡ ಕಣವ್ವ!" ಎಂದು ಪುಟ್ಟಮ್ಮ ಹಿಂಜರಿದಳು.

ಪೂಜೆಯ ರೇಷ್ಮೆಪಂಚೆ. ಅದನ್ನೇ ಎತ್ತಿಕಟ್ಟಿ ಹಗ್ಗ ಹಿಡಿದೆ. ಎಳೆದೆವು, ಬಿಟ್ಟೆವು, ಮತ್ತೆ ಎಳೆದೆವು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು, ಉಸಿರಿಲ್ಲ. ಪುಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಾಹ್ನವಿ ಅದರ ಎದೆಯನ್ನು ಹುಲ್ಲಿನಿಂದ ಉಜ್ಜುತ್ತ, ಮೂಗಿನ ಹೊಳ್ಳೆಗೆ ಒಂದು ಕಡ್ಡಿ ಆಡಿಸಿದಳು. ಕರು ಸೀನಿತು. ಅಷ್ಟು ಮಂಗಳಕರವಾದ ಸೀನನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

"ಹೆಣ್ಗರ!" ಎಂದು ಪುಟ್ಟಮ್ಮ ಅಳುತ್ತ ನಕ್ಕಳು. ಜಾಹ್ನವಿ ಗೋಡೆಗೊರಗಿ ಕುಳಿತು, ಹಸು ಕರುವನ್ನು ನೆಕ್ಕುವುದನ್ನು ಬಹಳ ಹೊತ್ತು ನೋಡುತ್ತಿದ್ದಳು.

ಆ ಕರುವಿಗೆ ದೀರ್ಘಾಯುಸ್ಸು ಇರಲಿ, ಕೆಂಪಿಯ ಕೆಚ್ಚಲು ತುಂಬಿರಲಿ. ಪುಟ್ಟಮ್ಮನ ಕೊಟ್ಟಿಗೆ ಬೆಳೆಯಲಿ. ನಂಜುಂಡಿಯ ಪೈಪು ಕೀಳದಿರಲಿ, ಅವನ ಮಾತೂ ಬತ್ತದಿರಲಿ. ಅರ್ಚಕರ ನಗೆ, ಸಾವಿತ್ರಿಯ ನೇರನುಡಿ ನನ್ನನ್ನು ಕಾಯುತ್ತಿರಲಿ. ಕರೆದವರ ಬಾಗಿಲಿಗೆ ನನ್ನ ಸೊಸೆ ಸಕಾಲದಲ್ಲಿ ತಲುಪುತ್ತಿರಲಿ. ಬಿಗಿಹಿಡಿಯುವ ಶಕ್ತಿಯನ್ನು ಭಗವಂತ ಎಲ್ಲರಿಗೂ ಕೊಟ್ಟಿದ್ದಾನೆ. ಬಿಡಬೇಕಾದ ಗಳಿಗೆ ಯಾವುದೆಂಬುದನ್ನೂ ಅವನೇ ನಮ್ಮೆಲ್ಲರ ಕಿವಿಯಲ್ಲಿ ಹೇಳುತ್ತಿರಲಿ.